ನಾಲ್ಕು ಅಡಿ ತೊಟ್ಟಿ, ಒಂದು ಪುಟ್ಟ ಶಾರ್ಕ್ ಮತ್ತು ಫಿಲಿಪ್ ಗಾಸ್

ನಮ್ಮ ಅಕ್ಕನ ಮಗನಿಗೆ ಶಾರ್ಕ್ ಸಾಕಬೇಕಂತೆ. ಮೂರನೇ ಮಹಡಿಯ ಬಾಡಿಗೆ ಮನೆ. ಹಾಲ್‌ನಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಇದೆ. ಇದು ಸಾಕಾಗುತ್ತಾ ಮಾಮ ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದ್ದ. ಹುಡುಗ ತಪ್ಪು ಮನುಷ್ಯನನ್ನೇನೂ ಕೇಳಿಲ್ಲ. ಹದಿನೈದು ವರ್ಷದಿಂದ ಮನೆಯಲ್ಲಿ ಮೀನು ಸಾಕುತ್ತಿದ್ದೇನೆ. ಗೊತ್ತಿಲ್ಲದೆ ಎಷ್ಟೋ ಮೀನುಗಳನ್ನು ಸಾಯಿಸಿಯೂ ಇದ್ದೇನೆ.

ಮೊದಲು ಅವನಿಗೆ ಕೇಳಿದ್ದು, ಯಾವ ಶಾರ್ಕ್ ಅಂತ. ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಶಾರ್ಕ್ ಅಂತ ಮಾರೋದು ಸಾಮಾನ್ಯವಾಗಿ ಶಾರ್ಕೇ ಅಲ್ಲ. ಬಾಲಾ ಶಾರ್ಕ್ ಗೆಂಡೆ ಮೀನಿನ ಸಂಬಂಧಿ, ಒಂದಡಿ ದಾಟಿ ಬೆಳೆಯುತ್ತೆ. ಇರಿಡೆಸೆಂಟ್ ಶಾರ್ಕ್ ಅನ್ನೋದು ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಹೋಟೆಲಿನಲ್ಲಿ ಬಾಸಾ ಫಿಲೆಟ್ ಹೆಸರಲ್ಲಿ ತಟ್ಟೆಗೆ ಬರೋದು ಹೆಚ್ಚಾಗಿ ಇದೇ. ಅಂಗಡಿಯ ಕವರ್‌ನಲ್ಲಿ ಬೆರಳುದ್ದ ಇರುವ ಇದು ಕೆರೆಯಲ್ಲಿ ಮೂರು ಅಡಿ ದಾಟಿ ಬೆಳೆಯಬಲ್ಲದು. ನಮ್ಮವನಿಗೆ ಇವೆರಡೂ ಬೇಡ, ಅಸಲಿ ಶಾರ್ಕೇ ಬೇಕು. ಉಪ್ಪುನೀರಿನ ಬ್ಯಾಂಬೂ ಶಾರ್ಕ್, ಅದರ ಮೊಟ್ಟೆ ಸಿಗುತ್ತೆ ಅಂತ ಯಾರೋ ಹೇಳಿದ್ದಾರೆ.

ಸಾಕುವವರು ಪುಟ್ಟ ಶಾರ್ಕ್ ಅಂತ ಕರೆಯೋದು ಇಂಥವನ್ನೇ: ಬ್ಯಾಂಬೂ ಶಾರ್ಕ್, ಎಪೊಲೆಟ್ ಶಾರ್ಕ್, ಕೋರಲ್ ಕ್ಯಾಟ್‌ಶಾರ್ಕ್. ಮೊಟ್ಟೆಯಿಂದ ಹೊರಬಂದಾಗ ಗೇಣುದ್ದ ಇರುತ್ತವೆ. ಬೆಳೆದ ಮೇಲೆ ಕೋರಲ್ ಕ್ಯಾಟ್‌ಶಾರ್ಕ್ 70 ಸೆಂಟಿಮೀಟರ್, ಬ್ಯಾಂಬೂ ಮತ್ತು ಎಪೊಲೆಟ್ ಹತ್ತಿರಹತ್ತಿರ ಒಂದು ಮೀಟರ್. ಇವು ತಳದಲ್ಲಿ ಓಡಾಡೋ ಪ್ರಾಣಿಗಳು, ಹಾಗಾಗಿ ತೊಟ್ಟಿ ಎಷ್ಟು ಎತ್ತರ ಇದೆ ಅನ್ನೋದು ಮುಖ್ಯವಲ್ಲ, ನೆಲ ಎಷ್ಟಿದೆ ಅನ್ನೋದು ಮುಖ್ಯ. ಮೀಟರ್ ಉದ್ದದ ಪ್ರಾಣಿ ಆರಾಮಾಗಿ ತಿರುಗಿಕೊಳ್ಳಬೇಕು ಅಂದರೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರ ಅನ್ನೋದು ನನ್ನ ಲೆಕ್ಕದಲ್ಲಿ ಕನಿಷ್ಠ. ಅದರಲ್ಲಿ ಸುಮಾರು 1,800 ಲೀಟರ್ ನೀರು ಹಿಡಿಯುತ್ತೆ. ನಮ್ಮವನ ತೊಟ್ಟಿಯಲ್ಲಿ ಹಿಡಿಯೋದು 255 ಲೀಟರ್. ಇನ್ನೊಂದು ವಿಷಯ, ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಎರಡು ಅಡಿ ನಿಂತ ಉಪ್ಪುನೀರು ಅಷ್ಟೇ ಜಾಗದ ಮೇಲೆ 600 ಕೆಜಿ ದಾಟಿ ಒತ್ತುತ್ತೆ, ಗಾಜು, ಮರಳು, ಕಲ್ಲು ಬಿಟ್ಟು. ಓನರ್‌ಗೆ ಏನು ಹೇಳ್ತೀಯ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಆದರೆ ಈ ಪ್ರಶ್ನೆ ಅವನದ್ದು ಮಾತ್ರ ಅಲ್ಲ. ಸಮುದ್ರವನ್ನು ಮನೆಯ ಹಾಲ್‌ನಲ್ಲಿ ಇಟ್ಟುಕೊಳ್ಳಬಹುದು, ಅದಕ್ಕೆ ಇಂಥಾ ಪಾತ್ರೆ ಸಾಕು ಅಂತ ಮಧ್ಯಮವರ್ಗಕ್ಕೆ ಧೈರ್ಯ ತುಂಬಿದ ಒಬ್ಬ ಮನುಷ್ಯ ಇದ್ದ. ಅಕ್ವೇರಿಯಂ ಅನ್ನೋ ಪದ ಇವತ್ತಿನ ಅರ್ಥದಲ್ಲಿ ನಮ್ಮ ಬಾಯಿಗೆ ಬಂದಿದ್ದು ಅವನಿಂದ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಅವನ ಬದುಕು ಗೊತ್ತಾದಾಗಿನಿಂದ ನಾನು ಹೊಸ ತೊಟ್ಟಿ ಕೊಂಡಿಲ್ಲ.

ಗಾಸ್ ಹುಟ್ಟಿದ್ದು 1810ರಲ್ಲಿ, ವೂಸ್ಟರ್ ಪಟ್ಟಣದಲ್ಲಿ. ಅಪ್ಪ ಊರೂರು ಅಲೆದು ಪುಟ್ಟ ಭಾವಚಿತ್ರ ಬರೆದುಕೊಡುತ್ತಿದ್ದ ಬಡ ಕಲಾವಿದ. ಹುಡುಗ ಬೆಳೆದಿದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. ಸೀ ಅನೆಮನಿ ಅಂತ ಒಂದು ಪ್ರಾಣಿ ಇದೆ. ಬಂಡೆಗೆ ಅಂಟಿಕೊಂಡು ಹೂವಿನ ಹಾಗೆ ಎಸಳು ಬಿಚ್ಚುತ್ತೆ, ಮುಟ್ಟಿದರೆ ಮುದುಡಿಕೊಳ್ಳುತ್ತೆ. ಅದನ್ನು ಅವನಿಗೆ ಮೊದಲು ಪರಿಚಯ ಮಾಡಿಸಿದ್ದು ಸೂಸನ್ ಬೆಲ್ ಎಂಬ ಅತ್ತೆ. ವಿಶ್ವವಿದ್ಯಾಲಯದ ಮುಖ ಕಾಣದ ಈ ಹುಡುಗ ಹದಿನೇಳಕ್ಕೆ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿಗೆ ಹೋದ. ಅಲ್ಲಿ ಮೀನು ವ್ಯಾಪಾರದ ಕಂಪನಿಯಲ್ಲಿ ಗುಮಾಸ್ತ. ಹಗಲು ಲೆಕ್ಕ ಬರೆಯೋದು, ಉಳಿದ ಹೊತ್ತಲ್ಲಿ ಕೀಟ ನೋಡೋದು. 1835ರಲ್ಲಿ ಕೆನಡಾದಲ್ಲಿ ಜಮೀನು ಮಾಡಲು ಹೋಗಿ ಕೈಸುಟ್ಟುಕೊಂಡ.

1838ರಲ್ಲಿ ಅಮೆರಿಕದ ಅಲಬಾಮಾಕ್ಕೆ ಬಂದ. ಹತ್ತಿ ತೋಟದ ಮಾಲೀಕರ ಮಕ್ಕಳಿಗೆ ಮೇಷ್ಟ್ರು. ಬಿಡುವಿನಲ್ಲಿ ಚಿಟ್ಟೆಗಳ ಚಿತ್ರ ಬರೆಯುತ್ತಿದ್ದ, ಅವು ಇವತ್ತು ನೋಡಿದರೂ ಹಾರಿ ಹೋಗುತ್ತವೇನೋ ಅನ್ನಿಸುವಂಥವು. ಆದರೆ ಅದೇ ತೋಟಗಳಲ್ಲಿ ಗುಲಾಮರ ಮೇಲೆ ಬೀಳುತ್ತಿದ್ದ ಚಾಟಿ ಏಟು ಅವನಿಗೆ ಸಹಿಸಲಾಗಲಿಲ್ಲ. ಒಂದು ವರ್ಷವೂ ನಿಲ್ಲದೆ ಇಂಗ್ಲೆಂಡಿಗೆ ಹೊರಟ. ಗುಲಾಮಗಿರಿಯ ಬಗೆಗಿನ ಅಸಹ್ಯವನ್ನು ಮುಂದೆ ಪುಸ್ತಕದಲ್ಲೂ ಬರೆದ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಮುಂದೆ ನಡೆಯೋದಕ್ಕೆ ಕಾರಣ ಒಬ್ಬ ಕಟುಕ ಅಂತ ಯಾರೂ ಅಂದುಕೊಳ್ಳಬಾರದು. ಕಣ್ಣೆದುರಿಗಿನ ಕ್ರೌರ್ಯ ಅವನಿಗೆ ಕಾಣುತ್ತಿತ್ತು.

1844ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಹಕ್ಕಿ, ಕೀಟ ಸಂಗ್ರಹಿಸಲು ಜಮೈಕಾಕ್ಕೆ ಹೋದ. ಹದಿನೆಂಟು ತಿಂಗಳು ಅಲ್ಲೇ ಇದ್ದ. ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಕೆಲವೇ ವರ್ಷ ಆಗಿತ್ತು. ಸ್ಯಾಮ್ಯುಯೆಲ್ ಕ್ಯಾಂಪ್‌ಬೆಲ್ ಎಂಬ ಕಪ್ಪು ಯುವಕನನ್ನು ಸಹಾಯಕನಾಗಿ ಇಟ್ಟುಕೊಂಡ. ಹಕ್ಕಿ ಹುಡುಕುವುದು, ಹೊಡೆಯುವುದು, ಚರ್ಮ ಬಿಡಿಸಿ ಒಣಗಿಸುವುದರಲ್ಲಿ ಸ್ಯಾಮ್ ಗಟ್ಟಿಗ. ರಿಚರ್ಡ್ ಹಿಲ್ ಅಂತ ಇನ್ನೊಬ್ಬರು ಜೊತೆಯಾದರು. ಮಿಶ್ರ ಜನಾಂಗದ ಮ್ಯಾಜಿಸ್ಟ್ರೇಟ್, ಗುಲಾಮಗಿರಿ ವಿರುದ್ಧ ಹೋರಾಡಿದವರು, ಸ್ವತಃ ಪ್ರಕೃತಿ ವಿಜ್ಞಾನಿ. ಗಾಸ್ ತನ್ನ ಜಮೈಕಾ ಪುಸ್ತಕಗಳಲ್ಲಿ ಸ್ಯಾಮ್‌ನನ್ನು ಹೆಸರಿಟ್ಟು ಹೊಗಳಿದ, ಹಿಲ್ ಹೆಸರನ್ನು ಶೀರ್ಷಿಕೆ ಪುಟದಲ್ಲೇ ಹಾಕಿದ. ಆ ಕಾಲದ ಬಿಳಿಯ ಸಂಗ್ರಹಕಾರರಲ್ಲಿ ಇದು ದೊಡ್ಡ ಮಾತು. ಆದರೂ ಹಕ್ಕಿ ಚರ್ಮದ ಪೆಟ್ಟಿಗೆಗಳು ಹೋಗಿದ್ದು ಲಂಡನ್ನಿಗೇ. ಪ್ರೀತಿಸಿದ್ದನ್ನು ಕಿತ್ತು ಪ್ಯಾಕ್ ಮಾಡಿ ಮನೆಗೆ ಕಳಿಸೋದು ಸಹಜ ಅಂತ ಅನ್ನಿಸುವ ಕಾಲ ಅದು.

1848ರಲ್ಲಿ ಎಮಿಲಿ ಬೋವ್ಸ್ ಜೊತೆ ಮದುವೆ. ಇಬ್ಬರೂ ಪ್ಲಿಮತ್ ಬ್ರದರೆನ್ ಎಂಬ ಕಟ್ಟಾ ಕ್ರೈಸ್ತ ಪಂಥದವರು. ಮಾರನೇ ವರ್ಷ ಮಗ ಎಡ್ಮಂಡ್ ಹುಟ್ಟಿದ. ಆ ದಿನದ ಡೈರಿಯಲ್ಲಿ ಮಗ ಹುಟ್ಟಿದ್ದನ್ನೂ ಜಮೈಕಾದಿಂದ ಹಸಿರು ಕವಲುತೋಕೆ ಹಕ್ಕಿ ಬಂದಿದ್ದನ್ನೂ ಗಾಸ್ ಒಟ್ಟೊಟ್ಟಿಗೆ ಬರೆದುಕೊಂಡ. ಇದನ್ನಿಟ್ಟುಕೊಂಡು ಜನ ಅವನನ್ನು ಗೇಲಿ ಮಾಡ್ತಾರೆ. ನನಗೇನೋ ಪಾಪ ಅನ್ನಿಸುತ್ತೆ.

1852ರ ಹೊತ್ತಿಗೆ ಕೆಲಸ ಮಾಡಿ ಮಾಡಿ ಆರೋಗ್ಯ ಕೆಟ್ಟಿತ್ತು. ಹವೆ ಬದಲಾಗಲಿ ಅಂತ ಕುಟುಂಬ ಸಮೇತ ನೈಋತ್ಯ ಇಂಗ್ಲೆಂಡಿನ ಡೆವನ್ ಕರಾವಳಿಗೆ ಬಂದ. ಸಮುದ್ರ ಇಳಿದಾಗ ಅಲ್ಲಿನ ಬಂಡೆಗಳ ನಡುವೆ ಹೊಂಡಗಳು ಉಳಿಯುತ್ತವೆ. ಅದರೊಳಗೆ ಅನೆಮನಿ, ಸೀಗಡಿ, ಏಡಿ, ಬಣ್ಣಬಣ್ಣದ ಪಾಚಿ. ಗಾಸ್ ಸೊಂಟದವರೆಗೆ ನೀರಿಗಿಳಿದು ನೋಡಿದ, ಬರೆದ, ಚಿತ್ರ ಬಿಡಿಸಿದ. ಆಮೇಲೆ ಕೆಲವನ್ನು ಕಿತ್ತು ಮನೆಗೆ ತಂದ. ಮನೆಯಲ್ಲಿ ಅವನ್ನು ಬದುಕಿಸೋದು ಹೇಗೆ ಅನ್ನೋದೇ ಅವನ ದೊಡ್ಡ ಪ್ರಶ್ನೆ.

ಈ ಪ್ರಶ್ನೆ ಕೇಳಿದ ಮೊದಲಿಗ ಅವನಲ್ಲ. ಇಬ್ಬರು ಹೆಂಗಸರು ಅವನಿಗಿಂತ ಮುಂಚೆಯೇ ಇದ್ದರು. ಫ್ರಾನ್ಸಿನ ಝಾನ್ ವಿಲ್‌ಪ್ರೊ ಪವರ್ 1830ರ ದಶಕದಲ್ಲೇ ಸಿಸಿಲಿಯಲ್ಲಿ ಗಾಜಿನ ತೊಟ್ಟಿ ಮಾಡಿಸಿ ಅರ್ಗೊನಾಟ್ ಎಂಬ ಆಕ್ಟೋಪಸ್ ಜಾತಿಯ ಪ್ರಾಣಿಯನ್ನು ಅಧ್ಯಯನ ಮಾಡಿದ್ದಳು. ಆ ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತೆ ಅಂತ ತೋರಿಸಿದ್ದು ಅವಳೇ. ಇಂಗ್ಲೆಂಡಿನ ಆ್ಯನಾ ಥಿನ್ 1846ರಲ್ಲಿ ಹವಳದ ಪ್ರಾಣಿಗಳನ್ನು ಲಂಡನ್ನಿನ ಮನೆಯಲ್ಲಿ ಬದುಕಿಸಿಕೊಂಡಿದ್ದಳು. ನೀರಿಗೆ ಗಾಳಿ ಬೆರೆಯಲಿ ಅಂತ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಬೇಕಿತ್ತು. ಆ ಕೆಲಸ ಮಾಡುತ್ತಿದ್ದದ್ದು ಮನೆಗೆಲಸದವಳು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ 1850ರಲ್ಲಿ ನೀರಿನ ಗಿಡವೂ ಮೀನೂ ಒಂದಕ್ಕೊಂದು ಉಸಿರು ಕೊಟ್ಟು ಬದುಕಬಲ್ಲವು ಅಂತ ಪ್ರಯೋಗ ಮಾಡಿ ಬರೆದ. ಇನ್ನೊಂದು ಕಾರಣ ಕಾಸಿನದ್ದು. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಗಿತ್ತು, ಗಾಜು ಅಗ್ಗವಾಗಿತ್ತು. ಅದಾಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗಾಸ್ ಮಾಡಿದ್ದು ಇದನ್ನೆಲ್ಲ ಸೇರಿಸಿ ಜನರ ಕೈಗೆ ಕೊಟ್ಟಿದ್ದು. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗೆ ಮೀನುಮನೆ ತೆರೆದಾಗ ಅಲ್ಲಿಗೆ ಕಡಲ ಜೀವಿಗಳನ್ನು ಕಳಿಸಿದವನು ಅವನು. 1854ರಲ್ಲಿ ದಿ ಅಕ್ವೇರಿಯಂ ಅನ್ನೋ ಪುಸ್ತಕ ಬಂತು. ಅವನೇ ಬರೆದ ಬಣ್ಣದ ಚಿತ್ರಗಳು, ಹರಟೆಯಂಥ ಭಾಷೆ, ತೊಟ್ಟಿ ಹೇಗೆ ಮಾಡಿಸಬೇಕು, ಸುತ್ತಿಗೆ ಉಳಿ ಹಿಡಿದು ಬಂಡೆಯ ಚೂರು ಸಮೇತ ಅನೆಮನಿಯನ್ನು ಹೇಗೆ ತೆಗೆಯಬೇಕು, ಎಲ್ಲ ಇತ್ತು. ಅದೇ ವರ್ಷ, ಸಮುದ್ರದಿಂದ ದೂರ ಇರುವವರಿಗಾಗಿ, ಅಡುಗೆ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿ ಕೃತಕ ಸಮುದ್ರದ ನೀರು ಮಾಡುವ ವಿಧಾನವನ್ನೂ ಪ್ರಕಟಿಸಿದ. ನಾವು ಇವತ್ತು ಡಬ್ಬಿಯಲ್ಲಿ ಕೊಳ್ಳುವ ಮರೈನ್ ಸಾಲ್ಟ್‌ನ ಅಜ್ಜ ಅದು.

ಪುಸ್ತಕ ಹುಚ್ಚೆಬ್ಬಿಸಿತು. ಕೆಲವೇ ವರ್ಷದಲ್ಲಿ ಅನುಕೂಲಸ್ಥರ ಹಾಲ್‌ನಲ್ಲಿ ಅಕ್ವೇರಿಯಂ ಇರಲೇಬೇಕು ಅನ್ನೋ ಹಾಗಾಯಿತು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ ಲಂಡನ್ನಿನಲ್ಲಿ ಜೀವಂತ ಕಡಲ ಪ್ರಾಣಿ, ತೊಟ್ಟಿ, ಸಮುದ್ರದ ನೀರು ಮಾರುವ ಅಂಗಡಿಯನ್ನೇ ಇಟ್ಟ. ಟಾರ್ಕಿಯವರೆಗೆ ರೈಲು 1848ರಲ್ಲೇ ಬಂದಿತ್ತು. ರಜೆಗೆ ಬಂದವರು ಬುಟ್ಟಿ, ಜಾಡಿ, ಉಳಿ ಹಿಡಿದು ಬಂಡೆಗಳಿಗೆ ಇಳಿದರು.

ಗಾಸ್‌ನ ತೊಟ್ಟಿ ಮೇಜಿನ ಮೇಲೆ ಕೂರುವಂಥದ್ದು. ಹಸಿರು ಪಾಚಿ, ಒಂದಿಷ್ಟು ಅನೆಮನಿ, ಸೀಗಡಿ, ಬೆರಳುದ್ದದ ಮೀನು ಇಡಲು ಅದು ಸಾಕು. ಅದೊಂದು ಸ್ವಯಂಪೂರ್ಣ ಪುಟ್ಟ ಲೋಕ, ಪಾಚಿ ಉಸಿರು ಕೊಡುತ್ತೆ, ಪ್ರಾಣಿ ಉಸಿರಾಡುತ್ತೆ, ಹೊರಗಿನಿಂದ ಹೆಚ್ಚೇನೂ ಬೇಡ ಅಂತ ಅವನ ನಂಬಿಕೆ. ಅವನಂಥ ಕಣ್ಣು, ತಾಳ್ಮೆ ಇದ್ದವನ ಕೈಯಲ್ಲಿ ಅದು ನಡೆಯಿತು. ಪುಸ್ತಕ ಓದಿ ತೊಟ್ಟಿ ಕೊಂಡವರು ಪ್ರಾಣಿಗಳನ್ನು ಕಿಕ್ಕಿರಿದು ತುಂಬಿದರು. ಒಂದು ಸತ್ತರೆ ನೀರು ಕೊಳೆಯುತ್ತೆ, ಕೊಳೆತ ನೀರಿಗೆ ಉಳಿದವೂ ಸಾಯುತ್ತವೆ. ಸತ್ತದ್ದರ ಜಾಗಕ್ಕೆ ಮತ್ತೆ ದಂಡೆಯಿಂದ ತರಬೇಕು. ಸ್ವಯಂಪೂರ್ಣ ಅಂತ ಕಂಡ ತೊಟ್ಟಿಗೆ ಹಿಂದೆ ಇಡೀ ಡೆವನ್ ಕರಾವಳಿ ಗೋದಾಮಾಗಿ ನಿಂತಿತ್ತು. ತೊಟ್ಟಿ ಎಷ್ಟು ಲೀಟರ್ ಅಂತ ಎಲ್ಲರೂ ಕೇಳುತ್ತಿದ್ದರು, ಗೋದಾಮು ಎಷ್ಟು ದೊಡ್ಡದು ಅಂತ ಯಾರೂ ಕೇಳಲಿಲ್ಲ.

ಶಾರ್ಕ್ ವಿಷಯಕ್ಕೂ ಇದು ತಾಗುತ್ತೆ. ಅದೇ ಬ್ರಿಟಿಷ್ ಕರಾವಳಿಯಲ್ಲಿ ಚುಕ್ಕೆ ಕ್ಯಾಟ್‌ಶಾರ್ಕ್ ಇದೆ, ಬೆಳೆದರೆ ಹೆಚ್ಚೆಂದರೆ ಒಂದು ಮೀಟರ್. ನಾಲ್ಕು ಮೂಲೆಗೂ ಬಳ್ಳಿಯಂಥ ಎಳೆ ಇರುವ ಅದರ ಮೊಟ್ಟೆಯ ಚೀಲ ದಂಡೆಗೆ ತೇಲಿ ಬರುತ್ತೆ. ಇಂಥ ಪ್ರಾಣಿಯ ಸೈಜಿಗೆ ಮೇಜಿನ ಮೇಲಿನ ಸಮತೋಲನ ಉತ್ತರವೇ ಅಲ್ಲ. ಅದು ಮಾಂಸ ತಿನ್ನುತ್ತೆ, ಅದರ ಗಲೀಜಿನ ಅಮೋನಿಯಾ ಕರಗಿಸೋಕೆ ಒಂದು ಹಿಡಿ ಪಾಚಿ ಎಲ್ಲಿ ಸಾಕು? ಇದನ್ನು ಕೊನೆಗೆ ಅರ್ಥ ಮಾಡಿಕೊಂಡವನು ಅಂಗಡಿಯ ಲಾಯ್ಡೇ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಅವನ ಅಕ್ವೇರಿಯಂ ತೆರೆದಾಗ ಜನ ನೋಡುವ ತೊಟ್ಟಿಗಳಿಗಿಂತ ಎಷ್ಟೋ ಪಟ್ಟು ನೀರನ್ನು ಕೆಳಗೆ ಕತ್ತಲಿನ ಹೌದಿನಲ್ಲಿ ಇಟ್ಟು, ಪಂಪಿನಿಂದ ಸದಾ ತಿರುಗಿಸುತ್ತಿದ್ದ. ಕಾಣುವ ತೊಟ್ಟಿಯ ಆರೋಗ್ಯ ನಿಂತಿದ್ದು ಕಾಣದ ನೀರಿನ ಮೇಲೆ. ಇವತ್ತು ದೊಡ್ಡ ಮರೈನ್ ಟ್ಯಾಂಕಿನ ಕೆಳಗೆ ಇಡುವ ಸಂಪ್ ಅದೇ ತತ್ವದ್ದು. ನಾನು ಮೇಲೆ ಹೇಳಿದ 1,800 ಲೀಟರ್‌ಗೆ ಸಂಪ್‌ನ ನೀರು ಸೇರಿಲ್ಲ, ಚಿಲ್ಲರ್ ಸೇರಿಲ್ಲ, ಕರೆಂಟ್ ಹೋದರೆ ಬೇಕಾಗುವ ಯುಪಿಎಸ್ ಸೇರಿಲ್ಲ. ಬೇರೆ ಮೀನಿಗೆ ಹಾಕುವ ತಾಮ್ರದ ಔಷಧಿ ಶಾರ್ಕ್‌ಗೆ ವಿಷ ಅನ್ನೋದೂ ಬಹಳ ಜನಕ್ಕೆ ಒಂದನ್ನು ಕಳೆದುಕೊಂಡ ಮೇಲೇ ಗೊತ್ತಾಗೋದು.

ಗಾಸ್‌ಗೆ ಮರಳೋಣ. 1856ರಲ್ಲಿ ರಾಯಲ್ ಸೊಸೈಟಿ ಅವನನ್ನು ಫೆಲೋ ಮಾಡಿತು. ಪದವಿ ಇಲ್ಲದ ಗುಮಾಸ್ತನಿಗೆ ಅದು ಶಿಖರ. ಮರುವರ್ಷ ಎಲ್ಲ ಕುಸಿಯಿತು. ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರಿನಿಂದ, ಯಾತನೆಯ ಚಿಕಿತ್ಸೆಯ ನಂತರ ತೀರಿಕೊಂಡಳು. ಅದೇ ವರ್ಷ ಗಾಸ್ ಓಂಫಲೋಸ್ ಅನ್ನೋ ಪುಸ್ತಕ ತಂದ. ಗ್ರೀಕ್‌ನಲ್ಲಿ ಹೊಕ್ಕುಳು ಅಂತ ಅರ್ಥ. ಆದಮನಿಗೆ ತಾಯಿ ಇಲ್ಲದಿದ್ದರೂ ಹೊಕ್ಕುಳು ಇತ್ತು, ಹಾಗೆಯೇ ದೇವರು ಭೂಮಿಯನ್ನು ಸೃಷ್ಟಿಸುವಾಗಲೇ ಪಳೆಯುಳಿಕೆ ಸಮೇತ ಹಳೆಯದಾಗಿ ಕಾಣುವಂತೆ ಸೃಷ್ಟಿಸಿದ ಅನ್ನೋದು ವಾದ. ವಿಜ್ಞಾನಿಗಳೂ ಒಪ್ಪಲಿಲ್ಲ, ಪಾದ್ರಿಗಳೂ ಒಪ್ಪಲಿಲ್ಲ. ಅವನ ಗೆಳೆಯ, ಪಾದ್ರಿ ಚಾರ್ಲ್ಸ್ ಕಿಂಗ್ಸ್‌ಲಿಗೇ ದೇವರು ಬಂಡೆಯ ಮೇಲೆ ಸುಳ್ಳು ಬರೆದ ಅಂತ ನಂಬೋಕೆ ಆಗಲಿಲ್ಲ. ಎರಡು ವರ್ಷಕ್ಕೆ ಡಾರ್ವಿನ್ ಪುಸ್ತಕ ಬಂತು. ಇವನು ನಗೆಪಾಟಲಾದ. ಈ ವಾದ ನನಗೂ ನಗು ತರಿಸುತ್ತೆ, ಆದರೆ ಹೆಂಡತಿಯನ್ನು ಮಣ್ಣು ಮಾಡಿದ ವರ್ಷ ಒಬ್ಬ ಮನುಷ್ಯ ತನ್ನ ದೇವರನ್ನು ಬಿಡದೆ ಹಿಡಿದುಕೊಂಡಿದ್ದು ಅರ್ಥವಾಗದ ವಿಷಯವೇನಲ್ಲ.

ಎಂಟು ವರ್ಷದ ಮಗನನ್ನು ಕರೆದುಕೊಂಡು ಟಾರ್ಕಿ ಪಕ್ಕದ ಸೇಂಟ್ ಮೇರಿಚರ್ಚ್‌ಗೆ ಬಂದು ನೆಲೆಸಿದ. ಅಪ್ಪ ಮಗ ಇಬ್ಬರೂ ದಿನಗಟ್ಟಲೆ ಬಂಡೆಗಳ ಮೇಲೆ. ಬ್ರಿಟನ್ನಿನ ಸೀ ಅನೆಮನಿಗಳ ಬಗ್ಗೆ ಅವನು ಬರೆದ ದೊಡ್ಡ ಗ್ರಂಥ 1860ಕ್ಕೆ ಮುಗಿಯಿತು. ಅದು ಅವನ ಅತ್ಯುತ್ತಮ ಕೆಲಸ. ಆ ಹೊತ್ತಿಗೆ ಅವನು ಹೋದ ಕಡೆಯೆಲ್ಲ ಅವನ ಪುಸ್ತಕ ಓದಿದವರು ಮೊದಲೇ ಬಂದು ಹೋಗಿರುತ್ತಿದ್ದರು.

ಅದನ್ನು ನಮಗೆ ತಿಳಿಸಿದ್ದು ಮಗ. ಎಡ್ಮಂಡ್ ಗಾಸ್ ದೊಡ್ಡ ಸಾಹಿತ್ಯ ವಿಮರ್ಶಕನಾದ, ಅಪ್ಪನ ಧರ್ಮವನ್ನು ಬಿಟ್ಟ, 1907ರಲ್ಲಿ ಫಾದರ್ ಆ್ಯಂಡ್ ಸನ್ ಬರೆದ. ತಾನು ಮಗುವಾಗಿದ್ದಾಗ ತುಂಬಿ ತುಳುಕುತ್ತಿದ್ದ ಆ ಹೊಂಡಗಳು ಬರಿದಾದವು, ಸಂಗ್ರಹಕಾರರ ದಂಡು ಬಳಿದುಕೊಂಡು ಹೋಯಿತು ಅಂತ ಅದರಲ್ಲಿ ವಿವರವಾಗಿ ಹೇಳುತ್ತಾನೆ. ಈ ಹಾಳಿಗೆ ತನ್ನ ಪುಸ್ತಕಗಳೇ ದಾರಿ ತೋರಿಸಿದವು ಅನ್ನೋದು ಅಪ್ಪನಿಗೆ ಗೊತ್ತಿತ್ತು, ಅದು ಅವನನ್ನು ಬಹಳ ನೋಯಿಸಿತು ಅಂತಲೂ ಹೇಳುತ್ತಾನೆ. ಅಪ್ಪನ ಜೊತೆ ಲೆಕ್ಕ ಚುಕ್ತಾ ಮಾಡೋಕೆ ಕೂತ ಮಗನ ಪುಸ್ತಕ ಅದು, ಕರಾವಳಿಯ ಸರ್ವೆ ಅಲ್ಲ. ಅಷ್ಟನ್ನು ಕಳೆದು ಓದಿದರೂ ಆ ಭಾಗ ಓದುವಾಗ ನನಗೆ ಗಂಟಲು ಕಟ್ಟುತ್ತೆ. ಚಾಟಿ ಕಂಡು ಅಲಬಾಮಾ ಬಿಟ್ಟು ಬಂದವನಿಗೆ ಇಲ್ಲಿ ಬಿಟ್ಟುಹೋಗಲು ಎದುರಿಗೆ ಒಬ್ಬ ಕ್ರೂರಿಯೂ ಇರಲಿಲ್ಲ. ಇದ್ದವರೆಲ್ಲ ಅವನ ಅಭಿಮಾನಿಗಳು. ಪ್ರಕೃತಿಯನ್ನು ಪ್ರೀತಿಸಿ ಅಂತ ಅವನು ಹೇಳಿದ, ಅವರು ಪ್ರೀತಿಸಿದರು, ಅಂಗಡಿ ಸಪ್ಲೈ ಮಾಡಿತು.

ಅವತ್ತಿನ ಗೋದಾಮು ಡೆವನ್ ಆದರೆ ಇವತ್ತಿನದ್ದು ಮುಖ್ಯವಾಗಿ ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್. ಮಾರಾಟವಾಗುವ ಮರೈನ್ ಮೀನುಗಳಲ್ಲಿ ಬಹುಪಾಲು ಕಾಡಿನಿಂದ, ಅಂದರೆ ಹವಳದ ದಿಬ್ಬಗಳಿಂದ ಹಿಡಿದವು. ಬ್ಯಾಂಬೂ ಶಾರ್ಕ್ ತೊಟ್ಟಿಯಲ್ಲೇ ಮೊಟ್ಟೆ ಇಡುತ್ತೆ, ಹಾಗಾಗಿ ಅದು ಸಾಕಿ ಬೆಳೆಸಿದ್ದು ಅಂತ ವಾದಿಸುವವರು ಇದ್ದಾರೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಗೇಣುದ್ದದ ಮರಿ ಮೀಟರ್ ಆದಾಗ ಅದನ್ನು ಯಾರು ತಗೋತಾರೆ? ನಾಲ್ಕು ಅಡಿ ತೊಟ್ಟಿಯಲ್ಲಿ ಮೂರು ಅಡಿಯ ಪ್ರಾಣಿ ಒಂದೂವರೆ ಅಡಿ ಅಗಲದಲ್ಲಿ ತಿರುಗಲಾರದೆ ಗಾಜಿಗೆ ಮೂತಿ ಉಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತೆ. ಇದೇ ಗುಂಪಿನ ಗ್ರೇ ಬ್ಯಾಂಬೂ ಶಾರ್ಕ್ ನಮ್ಮ ದೇಶದ ಕರಾವಳಿಯಲ್ಲೂ ಇದೆ, ಅದನ್ನು ತಂದು ಪಾಪ ಅಂತ ಸಮುದ್ರಕ್ಕೇ ಬಿಡ್ತೀನಿ ಅನ್ನೋದೂ ಪರಿಹಾರ ಅಲ್ಲ. ತೊಟ್ಟಿಯ ರೋಗ ಅದರ ಜೊತೆಗೇ ಹೋಗುತ್ತೆ.

ಕೊನೆಯ ವರ್ಷಗಳಲ್ಲಿ ಗಾಸ್ ಎರಡನೇ ಹೆಂಡತಿ ಎಲೈಜಾ ಜೊತೆ ಅದೇ ಊರಿನಲ್ಲಿದ್ದ. ಆರ್ಕಿಡ್ ಬೆಳೆಸಿದ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ರೋಟಿಫರ್‌ಗಳನ್ನು ನೋಡುತ್ತ ಕೂತ. ಒಂದು ಹನಿ ನೀರಿನಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ಜೀವಿಗಳು ಅವು. ಹಡ್ಸನ್ ಎಂಬುವರ ಜೊತೆ ಸೇರಿ 1886ರಲ್ಲಿ ಅವುಗಳ ಬಗ್ಗೆ ಹೊರತಂದ ಗ್ರಂಥವನ್ನು ತಜ್ಞರು ಬಹಳ ಕಾಲ ಬಳಸಿದರು. ಚಳಿಗಾಲದ ರಾತ್ರಿ ದೂರದರ್ಶಕ ಹಿಡಿದು ನಕ್ಷತ್ರ ನೋಡುತ್ತ ನಿಂತು ಶೀತ ಹತ್ತಿಸಿಕೊಂಡ, ಮತ್ತೆ ಚೇತರಿಸಿಕೊಳ್ಳಲಿಲ್ಲ. 1888ರ ಆಗಸ್ಟ್ 23ರಂದು ತೀರಿಕೊಂಡ.

ಅಕ್ಕನ ಮಗ ಎರಡು ದಿನ ಬಿಟ್ಟು ಉತ್ತರ ಕೊಟ್ಟ. ಓನರ್ ಹತ್ತಿರ ಕೇಳೋಕೆ ಹೋಗಿಲ್ಲವಂತೆ. ಶಾರ್ಕ್ ಬೇಡ, ಆದರೆ ಆ ತೊಟ್ಟಿಯಲ್ಲಿ ಇನ್ನೇನು ಇಡಬಹುದು ಮಾಮ ಅಂತ ಕೇಳಿದ್ದಾನೆ. ಎಲ್ಲಿಂದ ತಂದಿದ್ದು ಅಂತ ಮೊದಲು ಅಂಗಡಿಯವನನ್ನು ಕೇಳಿ ಬಾ, ಆಮೇಲೆ ಲೀಟರ್ ಲೆಕ್ಕ ಮಾಡೋಣ ಅಂದಿದ್ದೇನೆ.